ಸೆರಗಿನೊಳಗೆ ಕಟ್ಟಿದ ಬೆಲೆ

ಮದುವೆ ಮನೆಯ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕೂತವರು ಹೋಳಿಗೆಗೆ ತುಪ್ಪ ಬೀಳುವವರೆಗೆ ಸುಮ್ಮನಿರುತ್ತಾರೆ. ಆಮೇಲೆ ಮೆಲ್ಲಗೆ ನನ್ನ ಕಡೆ ವಾಲಿ, “ಅಲ್ಲ ಲಲಿತಮ್ಮ, ನನ್ನಂಥವನಿಗೆ ಎಷ್ಟು ಬೆಲೆ ಕಟ್ತೀರಾ?” ಎಂದು ಕೇಳುತ್ತಾರೆ. ಮೊದಮೊದಲು ನಾನು ಉಪ್ಪಿನಕಾಯಿ ಬಡಿಸುವವರನ್ನು ಕರೆದು ಮಾತು ತಪ್ಪಿಸುತ್ತಿದ್ದೆ. ಬರಬರುತ್ತಾ, “ಇನ್ನೊಂದು ಹೋಳಿಗೆ ಹಾಕಿಸ್ಕೊಂಡ್ರೆ ಸ್ವಲ್ಪ ಇಳಿಯುತ್ತೆ, ನೋಡ್ಕೊಂಡು ತಿನ್ನಿ” ಎನ್ನುವುದನ್ನು ಕಲಿತೆ. ನಿವೃತ್ತಿಯಾದ ಮೇಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈಗ ಇದೇ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರನ್ನೂ ಅದು ಬಿಡುವುದಿಲ್ಲ. ಅವರಿಗೆ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಕೋಣೆಗೆ ಯಾವಾಗ ಫ್ಯಾನು ಹಾಕಿಸಿದರು ಎಂಬುದನ್ನೆಲ್ಲ ಬರೆದು ಅವರ ನಿದ್ದೆಗೆ ಸಹಾಯ ಮಾಡುವ ಇರಾದೆ ನನಗಿಲ್ಲ.

ನಾನು ಇದ್ದದ್ದು ಕಾರ್ಖಾನೆಗಳ ಸುರಕ್ಷತೆ ನೋಡಿಕೊಳ್ಳುವ ಇಲಾಖೆಯಲ್ಲಿ, ಲೆಕ್ಕದ ವಿಭಾಗದಲ್ಲಿ. ಸಂಬಳದ ಲೆಕ್ಕವಲ್ಲ. ಒಂದು ಹೊಸ ಸುರಕ್ಷತಾ ನಿಯಮ ಬರಬೇಕಾದರೆ ಅದರಿಂದ ಮಾಲೀಕರಿಗೆ ಎಷ್ಟು ಖರ್ಚು, ಎಷ್ಟು ಜೀವ ಉಳಿಯುತ್ತದೆ, ಆ ಉಳಿದ ಜೀವಗಳನ್ನು ರೂಪಾಯಿಯಲ್ಲಿ ಹೇಳಿದರೆ ಎಷ್ಟಾಗುತ್ತದೆ ಎಂದು ಒಂದು ಟಿಪ್ಪಣಿ ತಯಾರಿಸುವುದು ನನ್ನ ಕೆಲಸ. ಉಳಿದ ಜೀವಗಳ ಬೆಲೆ ಖರ್ಚಿಗಿಂತ ಹೆಚ್ಚಿದ್ದರೆ ನಿಯಮ ಮುಂದಕ್ಕೆ ಹೋಗುತ್ತದೆ. ಕಡಿಮೆಯಿದ್ದರೆ ಕಡತ ಬೀರುವಿನಲ್ಲಿ ಮಲಗುತ್ತದೆ.

ಇದನ್ನು ಕೇಳಿದ ಕೂಡಲೇ ಒಳ್ಳೆಯವರೆಲ್ಲ ಮುಖ ಸಿಂಡರಿಸುತ್ತಾರೆ. ಜೀವಕ್ಕೆ ಬೆಲೆ ಕಟ್ಟುವುದುಂಟೇ ಎನ್ನುತ್ತಾರೆ. ನಮ್ಮ ಅಮ್ಮನೂ ಹಾಗೇ ಅಂದಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಹಾಗೇ ಅನ್ನಿಸಿತ್ತು. ಒಂದು ವರ್ಷ ಕಡತ ನೋಡಿದ ಮೇಲೆ ನನಗೆ ತಿಳಿದದ್ದು ಇಷ್ಟು: ಬೆಲೆ ಕಟ್ಟಲಾಗದು ಎಂದು ದೊಡ್ಡ ಮನಸ್ಸಿನಿಂದ ಆ ಕಾಲಂ ಖಾಲಿ ಬಿಟ್ಟರೆ, ಕೂಡುವವನು ಖಾಲಿ ಜಾಗವನ್ನು ಸೊನ್ನೆ ಎಂದೇ ಓದಿಕೊಳ್ಳುತ್ತಾನೆ. ಮಾಲೀಕರ ಖರ್ಚಿನ ಕಾಲಂ ಮಾತ್ರ ಯಾವತ್ತೂ ಖಾಲಿ ಇರುವುದಿಲ್ಲ. ಹಾಗಾಗಿ ನಾನು ಬೆಲೆ ಕಟ್ಟುವವರ ಪಕ್ಷ ಸೇರಿಬಿಟ್ಟೆ.

ಹೊಸಬರಿಗೆ ಧೈರ್ಯ ಬರಲಿ ಎಂದು ಮೊದಲು ನನ್ನ ಎಡವಟ್ಟುಗಳಿಂದಲೇ ಶುರುಮಾಡುತ್ತೇನೆ. ಆಗ ತೆಂಗಿನ ಮರ ಹತ್ತುವವರಿಗೆ ಸೊಂಟದ ಪಟ್ಟಿ ಕೊಡಿಸುವ, ತೋಟಗಾರಿಕೆಯವರ ಒಂದು ಯೋಜನೆಗೆ ಜನರ ಅಭಿಪ್ರಾಯ ಕೇಳಲು ನನ್ನನ್ನು ಬೋರನಕಣಿವೆಯ ಕಡೆಯ ಒಂದು ಹಳ್ಳಿಗೆ ಕಳಿಸಿದ್ದರು. ಪುಸ್ತಕದಲ್ಲಿ ಓದಿದ ಪ್ರಶ್ನೆ ನನ್ನ ಬಾಯಲ್ಲಿತ್ತು. ಅರಳಿಕಟ್ಟೆಯ ಮೇಲೆ ಕೂತವರಿಗೆ, “ಸಾವಿರ ಜನರಲ್ಲಿ ಒಬ್ಬರು ಮರದಿಂದ ಬಿದ್ದು ಸಾಯುವ ಸಂಭವ ಇದೆ ಅಂತ ಇಟ್ಕೊಳ್ಳಿ. ಅದನ್ನು ತಪ್ಪಿಸೋಕೆ ನೀವು ಎಷ್ಟು ಕೊಡೋಕೆ ತಯಾರಿದ್ದೀರಿ?” ಎಂದು ಕೇಳಿದೆ.

ಒಬ್ಬ ಹಿರಿಯರು ಯೋಚಿಸಿ ಹೇಳಿದರು, “ಆ ಒಬ್ರು ಯಾರು ಅಂತ ಹೇಳ್ಬುಡಿ ಮೇಡಮ್ಮೋರೆ. ಅವನ್ನ ಮರ ಹತ್ಸೋದೇ ಬ್ಯಾಡ.”

ನಾನು ಸೋಲಲಿಲ್ಲ. ಅಟ್ಟದ ಉದಾಹರಣೆ ಕೊಟ್ಟೆ. ನಮ್ಮ ಕಡೆ ಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಬಿಟ್ಟು, ಒಳಗೆ ಕೊಬ್ಬರಿ ಕಳಚಿಕೊಂಡ ಮೇಲೆ ಒಡೆಯುತ್ತಾರೆ. ಅದು ಎಲ್ಲರಿಗೂ ಗೊತ್ತಿರುವ ವಿಚಾರ. “ಅಟ್ಟದ ತುಂಬ ಕಾಯಿ ಇದೆ, ಅದರಲ್ಲಿ ಒಂದು ಕೆಟ್ಟುಹೋಗುತ್ತೆ, ಯಾವುದು ಅಂತ ಮೊದಲೇ ಗೊತ್ತಾಗಲ್ಲ, ಹಾಗೆ” ಎಂದೆ. ಕಟ್ಟೆಯ ಮೇಲೆ ಗುಲ್ಲೆದ್ದಿತು. ಅಟ್ಟದಲ್ಲಿ ಒಂದೇ ಕಾಯಿ ಕೆಡುವ ಮನೆ ಯಾವುದು, ಅವರ ತೋಟಕ್ಕೆ ಏನು ಗೊಬ್ಬರ ಹಾಕುತ್ತಾರೆ, ಅಲ್ಲಾಡಿಸಿ ನೋಡಿದರೆ ಗೊತ್ತಾಗುವುದಿಲ್ಲ ಎಂದವರು ಯಾರು ಎಂದು ಮಧ್ಯಾಹ್ನದವರೆಗೆ ಚರ್ಚೆ ನಡೆಯಿತು. ನನ್ನ ಪ್ರಶ್ನೆಯನ್ನು ಎಲ್ಲರೂ ಮರೆತರು. ನಾನು ಮಜ್ಜಿಗೆ ಕುಡಿದು ಬಸ್ಸು ಹತ್ತಿದೆ.

ಚಿಕ್ಕನಾಯಕನಹಳ್ಳಿ ಹತ್ತಿರದ ಇನ್ನೊಂದು ಊರಿನಲ್ಲಿ ನನ್ನನ್ನು ಪರಿಹಾರ ಕೊಡಲು ಬಂದವಳು ಎಂದುಕೊಂಡರು. ಅಲ್ಲಿ ಜೀವದ ಬೆಲೆ ಬೀದಿಯಿಂದ ಬೀದಿಗೆ ಏರುತ್ತಾ ಹೋಯಿತು. ಕೊನೆಯ ಮನೆಯ ಯಜಮಾನರು ಬಾಗಿಲಲ್ಲೇ ನಿಂತು, “ಪಕ್ಕದ ಮನೆಯೋನು ಎಷ್ಟು ಬರಸ್ದ? ಅದ್ಕಿಂತ ಒಂದ್ ಲಕ್ಷ ಜಾಸ್ತಿ ಬರ್ಕಳಿ. ಅವ್ನಿಗಿಂತ ನಾನೇನ್ ಕಮ್ಮಿನಾ?” ಎಂದರು. ಅವರ ಹೆಂಡತಿ ಒಳಗಿನಿಂದ, “ಬಿದ್ದಿರೋ ಗೋಡೆ ಕಟ್ಟಕ್ಕಾಗ್ದೋರಿಗೆ ಲಕ್ಷ ಬೇರೆ” ಎಂದು ನಕ್ಕದ್ದು ಕೇಳಿಸಿತು. ಹತ್ತು ಜನರ ಎದುರಿಗೆ ಕೇಳಿದ ಬೆಲೆ ಬೆಲೆಯೇ ಅಲ್ಲ ಎಂದು ಅವತ್ತು ತಿಳಿದುಕೊಂಡೆ. ಅದಕ್ಕೆ ಮದ್ದು ಏನು ಎಂಬುದು ಮಾತ್ರ ತಿಳಿಯಲಿಲ್ಲ.

ಇನ್ನು ನನ್ನ ಮೇಲಧಿಕಾರಿಯ ವಿಚಾರ. ಸದಾನಂದ ಸಾಹೇಬರು ಎಂದೂ ದನಿ ಎತ್ತಿದವರಲ್ಲ. ಅವರಿಗೆ ಸಿಟ್ಟು ಬಂದಿದೆ ಎಂದು ನಮಗೆ ಗೊತ್ತಾಗುತ್ತಿದ್ದುದು ಅವರು “ನೋಡಿ ಇವರೇ” ಎಂದು ಮಾತು ಶುರುಮಾಡಿದಾಗ. ಅಲ್ಪವಿರಾಮ ತಪ್ಪಿದರೂ ಟಿಪ್ಪಣಿ ವಾಪಸು ಬರುತ್ತಿತ್ತು. ಮಧ್ಯಾಹ್ನ ಮೊಸರನ್ನ ತಿಂದ ಮೇಲೆ ಮಾತ್ರ ಸ್ವಲ್ಪ ಮೆತ್ತಗಾಗುತ್ತಿದ್ದರು. ಅದಕ್ಕೇ ನಾವೆಲ್ಲ ಸಹಿ ಬೇಕಾದ ಕಾಗದಗಳನ್ನು ಮಧ್ಯಾಹ್ನದ ಮೇಲೆಯೇ ಒಯ್ಯುತ್ತಿದ್ದೆವು. ಜೀವದ ಬೆಲೆಗೆ ಅವರು ಬಳಸುತ್ತಿದ್ದುದು ಹಳೆಯ ವಿಧಾನ. ಸತ್ತವರು ಬದುಕಿದ್ದರೆ ಇನ್ನೂ ಎಷ್ಟು ದುಡಿಯುತ್ತಿದ್ದರೋ ಅಷ್ಟೇ ಅವರ ಬೆಲೆ. ಸರಳ, ಅಚ್ಚುಕಟ್ಟು, ಯಾರೂ ಪ್ರಶ್ನೆ ಕೇಳುವುದಿಲ್ಲ.

ನಾನು ಪ್ರಶ್ನೆ ಕೇಳುವಂತಾದದ್ದು ನಾರಿನ ಮಿಲ್ಲಿನ ಕಡತ ಬಂದಾಗ. ಕಾಯಿ ಸುಲಿದ ಮೇಲೆ ಉಳಿಯುವ ಮಟ್ಟೆಯನ್ನು ನೆನೆಸಿ ಯಂತ್ರಕ್ಕೆ ಕೊಟ್ಟರೆ ಅದು ಬಡಿದು ಒಂದು ಕಡೆ ನಾರು, ಇನ್ನೊಂದು ಕಡೆ ಪುಡಿ ಉಗುಳುತ್ತದೆ. ಮಟ್ಟೆ ಕೊಡುವ ಜಾಗಕ್ಕೆ ಮಿಲ್ಲಿನವರು ಬಾಯಿ ಎನ್ನುತ್ತಾರೆ. ಒಳಗೆ ಹಲ್ಲುಗಳಿರುವ ಉರುಳೆ ತಿರುಗುತ್ತಿರುತ್ತದೆ. ಬಾಯಿಗೆ ನಿಲ್ಲುವವರು ಹೆಚ್ಚಾಗಿ ಹೆಂಗಸರೇ. ಹುಳಿಯಾರಿನ ಆಚೆ ಒಂದು ಸಣ್ಣ ಮಿಲ್ಲಿನಲ್ಲಿ ರಂಗಮ್ಮ ಎಂಬಾಕೆಯ ಕೈಯನ್ನು ಯಂತ್ರ ಎಳೆದುಕೊಂಡಿತ್ತು. ಅವಳು ಉಳಿಯಲಿಲ್ಲ. ಅಂಥವು ಅಲ್ಲೊಂದು ಇಲ್ಲೊಂದು ನಡೆಯುತ್ತಲೇ ಇದ್ದವು.

ನಮ್ಮ ತಾಂತ್ರಿಕ ವಿಭಾಗದವರು ಒಂದು ಉಪಾಯ ಹೇಳಿದ್ದರು. ಬಾಯಿಯ ಮುಂದೆ ಸೊಂಟದ ಎತ್ತರಕ್ಕೆ ಒಂದು ಅಡ್ಡ ಸರಳು. ಯಂತ್ರ ಯಾರನ್ನಾದರೂ ಮುಂದಕ್ಕೆ ಎಳೆದುಕೊಂಡರೆ ಮೈ ಆ ಸರಳಿಗೆ ಒತ್ತಿ, ಕರೆಂಟು ಹೋಗಿ, ಬ್ರೇಕು ಬಿದ್ದು ಉರುಳೆ ನಿಲ್ಲುತ್ತದೆ. ಎಲ್ಲ ಮಿಲ್ಲುಗಳೂ ಇದನ್ನು ಹಾಕಿಸಬೇಕು ಎಂಬ ನಿಯಮದ ಕರಡು ಸಿದ್ಧವಾಗಿತ್ತು. ನನ್ನ ಲೆಕ್ಕ ಗೆದ್ದರೆ ಸರಳು ಬರುತ್ತದೆ, ಸೋತರೆ ಇಲ್ಲ.

ನಾನು ರಂಗಮ್ಮನ ದಿನಗೂಲಿ ತೆಗೆದುಕೊಂಡೆ. ವರ್ಷದಲ್ಲಿ ಕೆಲಸ ಸಿಗುವ ದಿನಗಳಿಂದ ಗುಣಿಸಿದೆ. ಇನ್ನು ದುಡಿಯಬಹುದಾಗಿದ್ದ ವರ್ಷಗಳಿಂದ ಗುಣಿಸಿದೆ. ಬಂದ ಮೊತ್ತದಲ್ಲಿ ಅವಳನ್ನು ಕೊಂದ ಯಂತ್ರವನ್ನು ಹೊಸದಾಗಿ ಕೊಳ್ಳಲೂ ಆಗುತ್ತಿರಲಿಲ್ಲ. ತಪ್ಪಾಗಿರಬೇಕೆಂದು ಮತ್ತೆ ಗುಣಿಸಿದೆ. ಗುಣಾಕಾರ ಸರಿಯಾಗಿಯೇ ಇತ್ತು. ಅವಳು ಮನೆಯಲ್ಲಿ ಮಾಡುತ್ತಿದ್ದ ಕೆಲಸ, ಸಾಕುತ್ತಿದ್ದ ಹಸು, ಬೆಳೆಸುತ್ತಿದ್ದ ಮಕ್ಕಳು, ಯಾವುದಕ್ಕೂ ಆ ವಿಧಾನದಲ್ಲಿ ಜಾಗವೇ ಇರಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ತೋರಿಸಬೇಕೆಂದು ಗೊತ್ತಾಗದೆ ಕ್ಯಾಲ್ಕುಲೇಟರನ್ನು ಡ್ರಾಯರಿಗೆ ಎಸೆದೆ.

ಸಾಹೇಬರು ಟಿಪ್ಪಣಿ ಓದಿ ಕನ್ನಡಕ ತೆಗೆದರು. “ನೋಡಿ ಇವರೇ, ಲೆಕ್ಕ ಹೇಳುತ್ತಿದೆ, ಸರಳಿನ ಖರ್ಚೇ ಜಾಸ್ತಿ ಅಂತ. ನಾವು ಲೆಕ್ಕದ ಜನ. ನಿಮಗೆ ಇಷ್ಟವಾಗಲಿಲ್ಲ ಅಂತ ಲೆಕ್ಕ ಬದಲಾಗುತ್ತಾ?”

“ಲೆಕ್ಕ ಅಲ್ಲ ಸಾರ್, ವಿಧಾನ ಬದಲಾಯಿಸೋಣ. ಆ ಅಪಾಯಕ್ಕೆ ಅವರೇ ಎಷ್ಟು ಬೆಲೆ ಕಟ್ತಾರೆ ಅಂತ ಕೇಳಿ ಬರ್ತೀನಿ” ಎಂದೆ.

“ಹಿಂದೆ ಕೇಳಿದ್ರಲ್ಲ, ಅಟ್ಟದ ಕಾಯಿ?” ಎಂದರು. ಆ ಕಥೆ ಕಚೇರಿಯೆಲ್ಲ ಹಬ್ಬಿತ್ತು. ಆದರೂ ಕಡತ ಮುಚ್ಚದೆ, ತಿಂಗಳು ಮುಗಿಯುವುದರೊಳಗೆ ಏನಾದರೂ ತನ್ನಿ ಎಂದು ಕಳಿಸಿದರು. ಅದು ಅವರ ದೊಡ್ಡತನ ಎಂದು ಈಗ ಅನ್ನಿಸುತ್ತದೆ. ಆಗ ಮೊಸರನ್ನದ ಪ್ರಭಾವ ಎಂದುಕೊಂಡಿದ್ದೆ.

ತುರುವೇಕೆರೆ ರಸ್ತೆಯಲ್ಲಿದ್ದ ಗಂಗಾಧರಪ್ಪನವರ ಮಿಲ್ಲಿಗೆ ಹೋದೆ. ಅವರು ಸಣ್ಣ ಮಿಲ್ಲುಗಳ ಮಾಲೀಕರಿಗೆಲ್ಲ ಮುಂದಾಳು. ಸರಳಿಗೆ ವಿರೋಧವಾಗಿ ಅರ್ಜಿ ಬರೆಸಿದವರೂ ಅವರೇ. ಜಗಳಕ್ಕೆ ಸಿದ್ಧಳಾಗಿ ಹೋದವಳಿಗೆ ಅವರು ಮೊದಲು ಚಿತ್ರಾನ್ನ ತಿನ್ನಿಸಿದರು. ಎರಡನೆಯ ಸಲ ಬಡಿಸುವಾಗ, “ಈಗ ಬಯ್ಯಮ್ಮ, ಹೊಟ್ಟೆ ತುಂಬಿದ್ರೆ ಬೈಗುಳ ಹದವಾಗಿ ಬತ್ತದೆ” ಎಂದರು.

ಅವರ ವಾದ ಕೆಟ್ಟದ್ದಾಗಿರಲಿಲ್ಲ. “ನಾನೊಬ್ಬ ಹಾಕ್ಸುದ್ರೆ ಮುಳುಗೋಯ್ತೀನಿ ಕಣಮ್ಮ. ಸರಳು ಆಗಾಗ ಮಿಷನ್ ನಿಲ್ಲಿಸ್ತದೆ, ನಾರು ಕಮ್ಮಿ ಬತ್ತದೆ. ಪಕ್ಕದ ಮಿಲ್ಲೋನು ಹಾಕ್ಸಲ್ಲ, ಅವನ ನಾರು ಅಗ್ಗ ಆಯ್ತದೆ. ವ್ಯಾಪಾರಿ ಅವನ್ತಾವ ಓಯ್ತಾನೆ. ಆಮ್ಯಾಕೆ ಈ ಹೆಂಗಸ್ರಿಗೆ ಕೂಲಿ ನೀವು ಕೊಡ್ತೀರಾ?”

“ಎಲ್ಲರೂ ಹಾಕಿಸಬೇಕು ಅಂತ ನಿಯಮ ಬಂದ್ರೆ?”

ಅವರು ಸೌಟಿನಿಂದ ಚಿತ್ರಾನ್ನ ಕೆದಕಿದರು. “ಎಲ್ರೂ ಮುಳುಗುದ್ರೆ ಯಾರೂ ಮುಳುಗ್ದಂಗೇ ಬುಡಿ. ಆದ್ರೆ ಒಬ್ರನ್ನೂ ಬುಡಬಾರ್ದು, ಆಮೇಲೆ ನೆಂಟ್ರು ಇಷ್ಟ್ರು ಅನ್ಕೊಂಡು.” ನಿಯಮ ಏಕೆ ಬೇಕು ಎಂದು ನಾನು ಪುಟಗಟ್ಟಲೆ ಬರೆಯುತ್ತಿದ್ದುದನ್ನು ಅವರು ಚಿತ್ರಾನ್ನದ ಸೌಟು ಹಿಡಿದು ಹೇಳಿ ಮುಗಿಸಿದ್ದರು. ಆದರೆ ಅರ್ಜಿ ವಾಪಸು ತೆಗೆದುಕೊಳ್ಳುತ್ತೀರಾ ಎಂದರೆ ಮಾತ್ರ ನಕ್ಕು ತಲೆಯಾಡಿಸಿದರು. ಮೊದಲು ನಿಮ್ಮ ಲೆಕ್ಕ ತೋರಿಸಿ ಎಂದರು.

ಲೆಕ್ಕಕ್ಕೆ ಹೆಂಗಸರನ್ನು ಕೇಳಬೇಕಲ್ಲ. ಬುತ್ತಿ ಬಿಚ್ಚುವ ಹೊತ್ತಿಗೆ ಅವರೆಲ್ಲ ನಾರು ಹರಡಿದ ಅಂಗಳದ ಅಂಚಿನ ನೆರಳಿಗೆ ಬಂದರು. ಬಾಯಿಗೆ ನಿಲ್ಲಲು ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದೆ. ಮಾಲೀಕರು ಆಚೆ ಕಂಬಕ್ಕೆ ಒರಗಿ ನಿಂತಿದ್ದರು. ಮೇಸ್ತ್ರಿಯ ಕಿವಿಯೂ ಇತ್ತ ಕಡೆಗೇ ಇತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಎಲ್ಲರಿಗಿಂತ ಹಿರಿಯಳಾದ ಜಯಮ್ಮ, “ಹೆದ್ರುಕೆ ಏನ್ ಬಂತು ಬುಡಿ ಅಮ್ಮಾ, ಅಭ್ಯಾಸ ಆಗ್ಬುಟ್ಟದೆ” ಎಂದು ಮುದ್ದೆ ಮುರಿದಳು. ಉಳಿದವರೂ ಅದನ್ನೇ ಹೇಳಿದರು. ಈ ಉತ್ತರ ಬರೆದುಕೊಂಡು ಹೋದರೆ ಅಪಾಯಕ್ಕೆ ಬೆಲೆ ಸೊನ್ನೆ. ರಂಗಮ್ಮನ ಲೆಕ್ಕಕ್ಕಿಂತ ಇದು ಇನ್ನೂ ಕಡೆ.

ಆಗ ನನಗೆ ನಮ್ಮ ದೊಡ್ಡಪ್ಪ ನೆನಪಾದ. ಅವನು ದನದ ಸಂತೆಯಲ್ಲಿ ದಲ್ಲಾಳಿ. ಎತ್ತಿನ ಬೆಲೆಯನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ಹೆಗಲ ಟವೆಲ್ಲನ್ನು ಕೈಮೇಲೆ ಹಾಸಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ. ಸುತ್ತ ಸಂತೆಯೇ ನಿಂತಿದ್ದರೂ ಆ ಬೆಲೆ ಇಬ್ಬರಿಗೆ ಮಾತ್ರ ಗೊತ್ತು. ಮಾರುವವನಿಗೆ ಅವಮಾನವಿಲ್ಲ, ಕೊಳ್ಳುವವನಿಗೆ ಮುಲಾಜಿಲ್ಲ. ಹುಡುಗಿಯಾಗಿದ್ದಾಗ ನಾನೂ ಅಣ್ಣತಮ್ಮಂದಿರ ಜೊತೆ ಬಳಪ, ಗೋಲಿಗಳನ್ನು ಹೀಗೇ ವ್ಯಾಪಾರ ಮಾಡಿದ್ದೆ.

ನನ್ನ ಬಳಿ ಟವೆಲ್ ಇರಲಿಲ್ಲ. ಸೆರಗು ಇತ್ತು.

“ಜಯಮ್ಮ, ಕೈ ಕೊಡು ಇಲ್ಲಿ. ಬಾಯಲ್ಲಿ ಹೇಳಬೇಡ” ಎಂದು ಅವಳ ಕೈಮೇಲೆ ನನ್ನ ಸೆರಗು ಹಾಸಿದೆ. “ಬಾಯಿಗೆ ನಿಲ್ಲೋದಕ್ಕೂ ಅಂಗಳದಲ್ಲಿ ನಾರು ಹರಡೋದಕ್ಕೂ ನಿಮಗೆ ಒಂದೇ ಕೂಲಿ. ಇವತ್ತು ಯಾವುದಾದ್ರೂ ಒಂದು ನೀನೇ ಆರಿಸ್ಕೋ ಅಂದ್ರೆ, ಬಾಯಿಗೆ ನಿಲ್ಲೋಕೆ ಎಷ್ಟು ಜಾಸ್ತಿ ಕೇಳ್ತೀಯ? ಒಂದು ಬೆರಳಿಗೆ ಹತ್ತು ರೂಪಾಯಿ.”

ಹೆಂಗಸರೆಲ್ಲ ಗೊಳ್ಳೆಂದರು. ದನದ ವ್ಯಾಪಾರ ಮಾಡುತ್ತಿದ್ದಾರೆ ಮೇಡಮ್ಮ ಎಂದು ಒಬ್ಬಳು ಕೂಗಿದಳು. ಹಲ್ಲು ಎಣಿಸಿ ನೋಡಿ ಎಂದು ಇನ್ನೊಬ್ಬಳು. ಜಯಮ್ಮನೂ ನಗುತ್ತಿದ್ದಳು. ನಗುತ್ತಲೇ ಸೆರಗಿನ ಕೆಳಗೆ ನನ್ನ ಒಂದು ಬೆರಳು ಹಿಡಿದಳು. ಆಮೇಲೆ ಎರಡು. ಆಮೇಲೆ ಐದೂ ಬೆರಳು. ಅದನ್ನು ಬಿಟ್ಟು ಮತ್ತೆ ಐದೂ ಹಿಡಿದಳು. ಅಷ್ಟರಲ್ಲಿ ಅವಳ ಮುಖದ ನಗು ಹೋಗಿತ್ತು. ಕೊನೆಗೆ ಬೆರಳುಗಳನ್ನೆಲ್ಲ ಬಿಟ್ಟು ನನ್ನ ಮಣಿಕಟ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ನಾರು ಬಿಡಿಸಿ ಬಿಡಿಸಿ ಅವಳ ಅಂಗೈ ಒರಟಾಗಿತ್ತು.

ನಾನು ದನಿ ತಗ್ಗಿಸಿ, “ಮಣಿಕಟ್ಟು ಅಂದ್ರೆ ಎಷ್ಟು?” ಎಂದೆ.

“ಎಷ್ಟು ಕೊಟ್ರೂ ನಿಲ್ಲಕಿಲ್ಲ ಅಂತ” ಎಂದಳು ಅಷ್ಟೇ ಮೆಲ್ಲಗೆ. “ಕೇಳೋರಿದ್ರೆ ಹಂಗೆ ಹೇಳೋದು. ಕೇಳೋರಿಲ್ಲ, ದಿನಾ ನಿಂತೀನಿ.”

ಅದಾದ ಮೇಲೆ ಒಬ್ಬೊಬ್ಬರೇ ಬಂದು ಕೈ ಕೊಟ್ಟರು. ಅಭ್ಯಾಸವಾಗಿಬಿಟ್ಟಿದೆ ಎಂದಿದ್ದವರಲ್ಲಿ ಒಬ್ಬಳೂ ಬರಿಗೈ ತೋರಿಸಲಿಲ್ಲ. ಕೆಲವರು ಎರಡು ಬೆರಳು ಹಿಡಿದರು, ಕೆಲವರು ನಾಲ್ಕು. ಒಬ್ಬಳು ಹಿಡಿದ ಬೆರಳು ಬಿಡದೆ, ತಾವೆಲ್ಲ ಸೇರಿ ಬಾಣಂತಿಯರನ್ನು ಬಾಯಿಗೆ ನಿಲ್ಲಿಸುವುದಿಲ್ಲವೆಂದೂ, ಅವರ ಸರದಿಯನ್ನು ಉಳಿದವರು ಹಂಚಿಕೊಳ್ಳುತ್ತಾರೆಂದೂ ಹೇಳಿದಳು. ಮೇಸ್ತ್ರಿಗೆ ಅದು ಗೊತ್ತೇ ಇರಲಿಲ್ಲ. ನನಗೆ ಆ ಮಧ್ಯಾಹ್ನ ಬಹಳ ಸಂತೋಷವಾಯಿತು, ಬಹಳ ಸಂಕಟವೂ ಆಯಿತು. ಎರಡೂ ಒಟ್ಟಿಗೆ ಆಗಬಹುದು ಎಂದು ಈ ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ.

ಆ ತಿಂಗಳೆಲ್ಲ ನಾನು ತಿಪಟೂರು, ತುರುವೇಕೆರೆ, ಹುಳಿಯಾರು ಸುತ್ತಿದೆ. ಹೋದ ಮಿಲ್ಲಿನಲ್ಲೆಲ್ಲ ಸೆರಗು ಹಾಸಿದೆ. ನಮ್ಮ ಮನೆಯವರು, “ಇದೇನು, ನಿನ್ನ ಸೀರೆಗಳ ಅಂಚೆಲ್ಲ ನಾರಿನ ಬಣ್ಣ ಆಗಿದೆ” ಎಂದು ಕೇಳಿದರು. ಸರ್ಕಾರಿ ಕೆಲಸ ಎಂದೆ.

ಬೆರಳುಗಳಿಂದ ಜೀವದ ಬೆಲೆ ಹೇಗೆ ಬಂತು ಎಂದು ಹೊಸಬರು ಕೇಳಬಹುದು. ಕಷ್ಟವಿಲ್ಲ. ಬಾಯಿಗೆ ನಿಲ್ಲುವ ದೊಡ್ಡ ಗುಂಪೊಂದರಲ್ಲಿ ವರ್ಷಕ್ಕೆ ಒಬ್ಬಳು ಹೋಗುವ ಸಂಭವವಿದೆ ಎಂದುಕೊಳ್ಳಿ. ಆ ಗುಂಪಿನವರೆಲ್ಲ ಆ ಅಪಾಯಕ್ಕಾಗಿ ವರ್ಷವಿಡೀ ಕೇಳಿದ ಹೆಚ್ಚುವರಿ ಕೂಲಿಯನ್ನು ಕೂಡಿಸಿದರೆ, ಆ ಒಂದು ಜೀವಕ್ಕೆ ಅವರೆಲ್ಲ ಸೇರಿ ಕಟ್ಟಿದ ಬೆಲೆ ಸಿಗುತ್ತದೆ. ಯಾವಳ ಜೀವ ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಎಲ್ಲರೂ ತಮ್ಮದೇ ಎಂಬಂತೆ ಕಟ್ಟುತ್ತಾರೆ. ನಾನು ಕೂಡಿಸಿದೆ. ಈ ಸಲ ಬಂದ ಮೊತ್ತ ಸರಳಿನ ಖರ್ಚನ್ನು ಬಹಳ ಹಿಂದಕ್ಕೆ ಹಾಕಿತ್ತು.

ಮಧ್ಯಾಹ್ನದ ಮೇಲೆ ಸಾಹೇಬರ ಕೋಣೆಗೆ ಹೋದೆ. ಅವರು ಟಿಪ್ಪಣಿಯನ್ನು ಅಲ್ಪವಿರಾಮ ಬಿಡದೆ ಓದಿದರು.

“ನೋಡಿ ಇವರೇ, ಇಲ್ಲಿ ‘ಮಣಿಕಟ್ಟು’ ಅಂತ ಬರೆದಿದ್ದೀರಿ. ಮಣಿಕಟ್ಟನ್ನು ಸರಾಸರಿಗೆ ಹೇಗೆ ಸೇರಿಸೋದು?”

“ಸೇರಿಸೋಕಾಗಲ್ಲ ಸಾರ್. ಬೆರಳಲ್ಲಿ ಹೇಳಿದವರಲ್ಲಿ ಅತಿ ಹೆಚ್ಚು ಎಷ್ಟಿತ್ತೋ ಅಷ್ಟೇ ಹಾಕಿದ್ದೀನಿ. ನಿಜವಾದ್ದು ಅದಕ್ಕಿಂತ ಜಾಸ್ತಿ.”

“ಮತ್ತೆ ಈ ಸೆರಗಿನ ವಿಧಾನಕ್ಕೆ ಏನು ಹೆಸರು?”

“ಗೌಪ್ಯ ಸಂದರ್ಶನ ಅಂತ ಬರೆದಿದ್ದೀನಿ ಸಾರ್.”

ಅವರು ಆಚೆ ಈಚೆ ನೋಡಿದರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು ತಮ್ಮ ಎಡಗೈ ಮೇಲೆ ಹಾಸಿಕೊಂಡು, ಬಲಗೈಯನ್ನು ಅದರ ಕೆಳಗೆ ತೂರಿಸಿ ತಮ್ಮ ಬೆರಳನ್ನು ತಾವೇ ಹಿಡಿದು ನೋಡಿದರು. ಎಷ್ಟು ಹಿಡಿದರು ಎಂದು ನನಗೆ ಕಾಣಲಿಲ್ಲ. ಕರವಸ್ತ್ರ ಮಡಿಸಿಟ್ಟುಕೊಂಡು, “ಹೂಂ, ಹೀಗಾದ್ರೆ ಹೇಳಬಹುದು” ಎಂದರು. ನಗು ತಡೆಯಲು ನಾನು ಕಿಟಕಿಯ ಕಡೆ ತಿರುಗಬೇಕಾಯಿತು.

ಆಮೇಲೆ ಅವರು ಮಾಡಿದ ಕೆಲಸ ನನ್ನ ಸೆರಗಿಗಿಂತ ದೊಡ್ಡದು. ಈ ಬೆಲೆಯನ್ನು ನಾರಿನ ಮಿಲ್ಲಿನ ಹೆಂಗಸರಿಗೆ ಮಾತ್ರ ಎಂದು ಬರೆಯಬಾರದು ಎಂದರು. ಇವತ್ತು ಮಿಲ್ಲಿಗೊಂದು, ನಾಳೆ ತಾಲ್ಲೂಕಿಗೊಂದು, ನಾಡಿದ್ದು ಮನುಷ್ಯನಿಗೊಂದು ಬೆಲೆ ಎಂದಾಗುತ್ತದೆ. ಗಂಡಸು, ಹೆಂಗಸು, ಕೂಲಿ, ಅಧಿಕಾರಿ, ಎಲ್ಲರಿಗೂ ಒಂದೇ ಎಂದು ತಮ್ಮ ಕೈಯಲ್ಲೇ ತಿದ್ದಿದರು. ಕಡತ ಮೇಲಕ್ಕೆ ಹೋಯಿತು. ಮಟ್ಟೆ ಬಡಿಯುವವಳಿಗೂ ಇಲಾಖೆಯ ಅಧಿಕಾರಿಗೂ ಒಂದೇ ಬೆಲೆ ಹೇಗಾಗುತ್ತದೆ, ವಿವರಿಸಿ ಎಂಬ ಪ್ರಶ್ನೆಯೊಂದಿಗೆ ವಾಪಸು ಬಂತು. ನಾನು ನಾಲ್ಕು ಪುಟದ ಉತ್ತರ ಸಿದ್ಧಮಾಡಿಕೊಂಡು ಹೋದೆ. ಸಾಹೇಬರು ಅದನ್ನು ಪಕ್ಕಕ್ಕಿಟ್ಟು ಒಂದೇ ಸಾಲು ಬರೆದರು: “ಒಬ್ಬೊಬ್ಬರೂ ಸಾಯುವುದು ಒಂದೇ ಒಂದು ಸಲವಾದ್ದರಿಂದ.”

ಮತ್ತೆ ಪ್ರಶ್ನೆ ಬರಲಿಲ್ಲ.

ಮಾಲೀಕರ ಸಭೆ ತಿಪಟೂರಿನಲ್ಲಿ ನಡೆಯಿತು. ಗಂಗಾಧರಪ್ಪನವರು ನನ್ನ ಲೆಕ್ಕವನ್ನು ಇಡಿಯಾಗಿ ಕೇಳಿ, ಎದ್ದು ನಿಂತು, ಜೀವದ ಬೆಲೆಯ ಬಗ್ಗೆ ತಮ್ಮ ತಕರಾರಿಲ್ಲ, ಆದರೆ ಸರಳಿನ ಬೆಲೆ ಇಲಾಖೆಯವರು ಹಾಕಿದ್ದಕ್ಕಿಂತ ಕಮ್ಮಿಯಾಗುತ್ತದೆ, ತಮಗೆ ಗೊತ್ತಿರುವ ವೆಲ್ಡಿಂಗ್ ಅಂಗಡಿಯಿದೆ ಎಂದರು. ಸಭೆಗೆ ಸಭೆಯೇ ನಕ್ಕಿತು. ಇಷ್ಟು ದಿನ ಖರ್ಚು ಭಾರಿ ಎಂದು ಅರ್ಜಿ ಬರೆಸಿದವರು ಇವರೇ ಅಲ್ಲವೇ! “ಲೇ, ಅರ್ಜೀಲಿ ಬರ್ಯೋದು ಬೇರೆ, ಕೊಳ್ಳೋದು ಬೇರೆ ಕಣ್ಲಾ” ಎಂದು ಪಕ್ಕದವರಿಗೆ ಸಮಾಧಾನ ಹೇಳಿದರು. ನಿಯಮ ಬಂತು. ಒಬ್ಬರನ್ನೂ ಬಿಡಬಾರದು ಎಂಬ ಅವರ ಷರತ್ತನ್ನು ನಾವು ಆದಷ್ಟೂ ಪಾಲಿಸಿದೆವು. ಅವರ ಸ್ವಂತ ಅಳಿಯನ ಮಿಲ್ಲಿಗೆ ನೋಟಿಸು ಹೋದಾಗ ಮಾತ್ರ ನನಗೆ ಫೋನು ಮಾಡಿ, ಚಿತ್ರಾನ್ನ ನೆನಪಿದೆಯಾ ಎಂದು ಕೇಳಿದರು. ನೆನಪಿದೆ ಎಂದೆ. ನೋಟಿಸು ವಾಪಸು ತೆಗೆದುಕೊಳ್ಳಲಿಲ್ಲ.

ಆಮೇಲಿನ ವರ್ಷಗಳಲ್ಲಿ ವಿಧಾನ ಬಹಳ ಬದಲಾಯಿತು. ನನ್ನ ನಂತರ ಬಂದ ಹುಡುಗಿಯರು ಪರದೆಯ ಮೇಲೆ ಬೆರಳಾಡಿಸಿ ಒಂದು ದಿನದಲ್ಲಿ ಕೇಳುವಷ್ಟು ಜನರನ್ನು ನಾನು ಒಂದು ತಿಂಗಳಲ್ಲೂ ಕೇಳಿರಲಿಲ್ಲ. ಉತ್ತರ ಕೊಡುವವರಿಗೆ ಫೋನನ್ನೇ ಕೊಟ್ಟು, ತಾವು ಆಚೆ ತಿರುಗಿ ನಿಲ್ಲುತ್ತಾರೆ. ಅದು ಒಳ್ಳೆಯ ಕ್ರಮ. ನಾನು ಅದನ್ನು ಹೊಗಳಿದೆ. ಅವರಿಗೆ ನಾನು ಹೇಳಿದ್ದು ಒಂದೇ ಮಾತು. ಈ ಕೆಲಸದಲ್ಲಿ ಯಾರೂ ನಿಮಗೆ ಧನ್ಯವಾದ ಹೇಳುವುದಿಲ್ಲ. ವೈದ್ಯರು ಉಳಿಸಿದವರು ಹಣ್ಣು ತಂದುಕೊಡುತ್ತಾರೆ. ನೀವು ಉಳಿಸಿದವರಿಗೆ ತಾವು ಉಳಿದದ್ದೇ ಗೊತ್ತಿರುವುದಿಲ್ಲ. ನಿಮಗೂ ಅವರು ಯಾರೆಂದು ಗೊತ್ತಾಗುವುದಿಲ್ಲ. ನನಗೂ ನೌಕರಿ ಮುಗಿಯುವವರೆಗೆ ಅವರಲ್ಲಿ ಒಬ್ಬರೂ ಕಾಣಸಿಗಲಿಲ್ಲ. ಕೆಲವೊಮ್ಮೆ, ಅವರು ಇದ್ದಾರೆಯೋ ಅಥವಾ ನನ್ನ ಕಾಲಂಗಳಲ್ಲಿ ಮಾತ್ರ ಇದ್ದಾರೆಯೋ ಎಂದು ಅನುಮಾನ ಬರುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಸಂಬಂಧಿಕರ ಗೃಹಪ್ರವೇಶಕ್ಕೆಂದು ತುರುವೇಕೆರೆ ಕಡೆ ಹೋಗಿದ್ದೆ. ದಾರಿಯಲ್ಲಿ ಒಂದು ನಾರಿನ ಮಿಲ್ಲು ಕಂಡಿತು. ನಾನು ಹಿಂದೆಂದೂ ನೋಡಿರದ ಹೊಸ ಮಿಲ್ಲು. ಕಾರು ನಿಲ್ಲಿಸಿ ಇಳಿದೆ. ಊಟದ ಹೊತ್ತು, ಯಂತ್ರ ನಿಂತಿತ್ತು. ಬಾಯಿಯ ಮುಂದೆ ಹಳದಿ ಬಣ್ಣ ಬಳಿದ ಸರಳು ಇತ್ತು. ನೋಡುತ್ತಾ ನಿಂತೆ. ಮಟ್ಟೆಯ ರಾಶಿಯ ಪಕ್ಕ ಕೂತಿದ್ದ ಒಬ್ಬ ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು, ಚೂಡಿದಾರದ ಮೇಲೆ ಗಂಡಸರ ಶರ್ಟು ಹಾಕಿಕೊಂಡವಳು, ಎದ್ದು ಬಂದಳು.

“ಏನಮ್ಮ ನೋಡ್ತಾ ಇದೀರಾ? ಇನ್‌ಸ್ಪೆಕ್ಷನ್ನೋರಾ?”

“ಅಲ್ಲಮ್ಮ, ಸುಮ್ನೆ. ಈ ಸರಳು ಹೆಂಗೆ, ಕೆಲಸ ಮಾಡುತ್ತಾ?”

ಅಷ್ಟೇ ಸಾಕಾಯಿತು. “ಅಯ್ಯೋ, ಅದ್ರ ಸುದ್ದಿ ಎತ್ಬ್ಯಾಡಿ! ಯಾವ ಪುಣ್ಯಾತ್ಮ ಕಂಡುಹಿಡಿದ್ನೋ ಇದನ್ನ. ಬಗ್ಗಿದ್ರೆ ನಿಂತೋಯ್ತದೆ, ಕೆಮ್ಮಿದ್ರೆ ನಿಂತೋಯ್ತದೆ. ಮೇಸ್ತ್ರಿ ತಾವ ನಾವು ಬೈಸ್ಕೋಬೇಕು. ಇಲ್ನೋಡಿ ಇಲ್ಲಿ!” ಎಂದು ಗೋಡೆಯ ಮೊಳೆಗೆ ತಗುಲಿಹಾಕಿದ್ದ ತನ್ನ ವೇಲನ್ನು ತಂದು ನನ್ನ ಮುಖದ ಮುಂದೆ ಬಿಡಿಸಿ ಹಿಡಿದಳು. ಹಸಿರು ಬಣ್ಣದ ಹೊಸ ವೇಲು. ಅರ್ಧಕ್ಕೆ ಅರ್ಧ ಹರಿದು, ಹರಿದ ಕಡೆಯೆಲ್ಲ ನಾರು ಮೆತ್ತಿಕೊಂಡಿತ್ತು. “ಇವತ್ತು ಬೆಳಗ್ಗೆ ಮಟ್ಟೆ ಜೊತೆ ಇದೂ ಒಳೀಕ್ ಹೋಯ್ತು. ಕುತ್ತಿಗೆಗೆ ಸುತ್ಕೊಂಡಿದ್ದೆ, ನನ್ನೂ ಎಳ್ಕೊಂಡ್ತು. ಹೊಟ್ಟೆ ಹೋಗಿ ಸರಳಿಗೆ ಬಡೀತು, ಮಿಷನ್ನು ಗಕ್ಕನೆ ನಿಂತೋಯ್ತು. ಇನ್ನೂ ನೋಯ್ತದೆ ಇಲ್ಲಿ. ವೇಲು ಬಿಡ್ಸೋಕೆ ಅರ್ಧ ಗಂಟೆ ಹಿಡೀತು, ಆ ಅರ್ಧ ಗಂಟೆ ಕೂಲಿ ಮುರ್ಕೊಂಡ್ರು. ಹಬ್ಬಕ್ಕೆ ತಗೊಂಡಿದ್ದು ಕಣಮ್ಮ ಇದು, ಎರಡು ಸಲಾನೂ ಹಾಕ್ಕೊಂಡಿರ್ಲಿಲ್ಲ. ಇದ್ರ ದುಡ್ಡು ಯಾರು ಕೊಡ್ತಾರೆ? ಆ ಸರಳು ಮಾಡ್ದೋನು ಕೊಡ್ತಾನಾ?”

ಅವಳ ಕುತ್ತಿಗೆಯ ಮೇಲೆ ಕೆಂಪು ಗೆರೆಯೊಂದು ಇನ್ನೂ ಹಸಿಯಾಗಿತ್ತು. ಅವಳು ಒಂದು ಕೈಯಲ್ಲಿ ವೇಲು, ಇನ್ನೊಂದು ಕೈಯನ್ನು ಸೊಂಟದ ಮೇಲೆ ಇಟ್ಟುಕೊಂಡು ಉತ್ತರಕ್ಕೆ ಕಾಯುತ್ತಿದ್ದಳು. ಹೆಸರು ಕೇಳಿದೆ. ಮಂಜುಳ ಎಂದಳು. ಬೇರೆ ಯಾರಾದರೂ ಆಗಿದ್ದರೆ ತಪ್ಪಾಯಿತು ಎನ್ನುತ್ತಿದ್ದರೇನೋ, ಅಥವಾ ಅವಳಿಗೆ ನಡೆದದ್ದೇನೆಂದು ತಿಳಿಸಿ ಹೇಳುತ್ತಿದ್ದರೇನೋ. ನನ್ನ ಕಣ್ಣು ತುಂಬಿ ಬಂತು, ಬಾಯಿ ನಗುತ್ತಿತ್ತು.

“ನಗ್ತೀರಲ್ಲಮ್ಮ ನೀವು!” ಎಂದು ಮಂಜುಳ ಮತ್ತೆ ಶುರುಮಾಡಿದಳು.

ಗೃಹಪ್ರವೇಶದ ಊಟಕ್ಕೆ ಹೊತ್ತಾಗುತ್ತಿತ್ತು. ನಾನು ಹೋಗಲಿಲ್ಲ. ಅಲ್ಲೇ ನಿಂತು ಅವಳ ಕೈಲಿ ಇನ್ನೂ ಸ್ವಲ್ಪ ಹೊತ್ತು ಬೈಸಿಕೊಂಡೆ.